ಕಾಗ್ನಿಟಿವ್ ರಿಹ್ಯಾಬ್‌ನಿಂದ ಯಾರಿಗೆ ಎಷ್ಟು ಉಪಯೋಗ? ಶುರು ಮಾಡುವ ಮೊದಲು ನೋಡಬೇಕಾದ ಅಂಶಗಳು

“ಇವರು ಮೊದಲಿನ ಹಾಗೆ ಆಗ್ತಾರಾ?” ಮನೆಯವರು ಮೊದಲ ದಿನವೇ ಕೇಳುವ ಪ್ರಶ್ನೆ ಇದು. ತಲೆಗೆ ಪೆಟ್ಟು ಬಿದ್ದವರು, ಪಾರ್ಶ್ವವಾಯು ಆದವರು, ಮರೆವಿನ ಕಾಯಿಲೆ ಈಗಷ್ಟೇ ಶುರುವಾದವರು, ಇಂಥವರ ನೆನಪು, ಗಮನ, ಯೋಚನೆಗಳ ಮೇಲೆ ಕೆಲಸ ಮಾಡುವ ಚಿಕಿತ್ಸೆಯನ್ನು ಕಾಗ್ನಿಟಿವ್ ರಿಹ್ಯಾಬಿಲಿಟೇಶನ್ ಎನ್ನುತ್ತಾರೆ. ನಾನು ಅದೇ ಕೆಲಸದಲ್ಲಿರುವವಳು. ಮನೆಯವರ ಪ್ರಶ್ನೆಗೆ ಮೊದಲ ದಿನ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಆದರೆ ಚಿಕಿತ್ಸೆ ಹಿಡಿಯುವ ಸಾಧ್ಯತೆ ಎಷ್ಟು, ಅದಕ್ಕೆ ಅಡ್ಡ ಬರುವುದು ಏನು, ಅದರಲ್ಲಿ ನಮ್ಮ ಕೈಯಲ್ಲಿರುವುದು ಯಾವುದು ಎಂದು ಎರಡು ಮೂರು ವಾರದಲ್ಲಿ ಸಾಕಷ್ಟು ತಿಳಿದುಕೊಳ್ಳಬಹುದು.

ಇದನ್ನು ಬರೆಯಲು ಕಾರಣ ಒಂದು ಕಾಗದ. ಒಬ್ಬ ಮಹಿಳೆ ತಮ್ಮ ಯಜಮಾನರ ರಿಪೋರ್ಟು ತಂದಿದ್ದರು. 30 ಅಂಕದ ಪರೀಕ್ಷೆಯಲ್ಲಿ 13 ಬಂದಿತ್ತು. ಅದನ್ನು ನೋಡಿ “ಥೆರಪಿ ಮಾಡಿಸಿ ಪ್ರಯೋಜನವಿಲ್ಲ” ಎಂದು ಬೇರೆ ಕಡೆ ಹೇಳಿ ಕಳಿಸಿದ್ದರಂತೆ. ವಿಚಾರಿಸಿದರೆ, ಪರೀಕ್ಷೆಯ ದಿನ ಅವರು ಕನ್ನಡಕ ಹಾಕಿರಲಿಲ್ಲ. ಹಿಂದಿನ ರಾತ್ರಿ ನಿದ್ದೆ ಮಾತ್ರೆ ಕೊಟ್ಟಿದ್ದರು. ಆ ಒಂದು ಅಂಕಿಯ ಭಾರ ಹೊತ್ತುಕೊಂಡು ಆಕೆ ನಾಲ್ಕು ತಿಂಗಳು ಮನೆಯಲ್ಲೇ ಕೂತಿದ್ದರು. ನನಗೆ ಇಂದಿಗೂ ಬೇಸರ ತರುವ ಸಂಗತಿ ಇದು. ಇನ್ನೊಬ್ಬರಿಗೆ ಹಾಗಾಗಬಾರದು.

ಹಂತ 1: ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿ

“ಎಷ್ಟು ಚೇತರಿಸಿಕೊಳ್ಳುತ್ತಾರೆ” ಎನ್ನುವುದು ಒಂದು ಪ್ರಶ್ನೆ. “ಥೆರಪಿಯಿಂದ ಎಷ್ಟು ಉಪಯೋಗ ಆಗುತ್ತದೆ” ಎನ್ನುವುದು ಇನ್ನೊಂದು. ಇವೆರಡೂ ಕಲಸಿಹೋಗುವುದರಿಂದಲೇ ಎಷ್ಟೋ ಜನರಿಗೆ ಚಿಕಿತ್ಸೆ ತಪ್ಪಿಹೋಗುತ್ತದೆ.

ಪೆಟ್ಟು ಹಗುರವಾಗಿದ್ದವರು, ಚಿಕ್ಕ ವಯಸ್ಸಿನವರು, ಹೆಚ್ಚು ಓದಿದವರು ಒಟ್ಟಾರೆ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ನಿಜ. ಅವರಲ್ಲಿ ಹಲವರು ಥೆರಪಿ ಇಲ್ಲದಿದ್ದರೂ ಒಂದಷ್ಟು ದೂರ ಬರುತ್ತಿದ್ದರು. ಥೆರಪಿಯ ಲಾಭ ಯಾರಿಗೆ ಹೆಚ್ಚು ಎಂದು ಕೇಳಿದರೆ ಲೆಕ್ಕ ಕೆಲವೊಮ್ಮೆ ತಿರುಗಿ ನಿಲ್ಲುತ್ತದೆ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವವರಿಗೆ ಕೊಡುವ ಇಂಥದೇ ತರಬೇತಿಯ ಬಗ್ಗೆ 2021ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಪ್ರಕಟವಾಯಿತು. 130 ಅಧ್ಯಯನಗಳು, 8,851 ಜನರ ಮಾಹಿತಿ ಅದರಲ್ಲಿತ್ತು. ಹೆಚ್ಚು ಲಾಭ ಪಡೆದವರು ಯಾರು ಗೊತ್ತೇ? ಕಡಿಮೆ ಓದಿದವರು, ಕಾಯಿಲೆಗೂ ಮೊದಲೇ ಬುದ್ಧಿಮಟ್ಟದ ಅಂಕ ಕಡಿಮೆ ಇದ್ದವರು, ಶುರುವಿನಲ್ಲಿ ಲಕ್ಷಣಗಳು ಜೋರಾಗಿದ್ದವರು. ಸಾಮಾನ್ಯವಾಗಿ “ಇವರಿಗೆ ಕಷ್ಟ” ಎಂದು ನಾವು ಪಕ್ಕಕ್ಕಿಡುವ ಜನ ಇವರೇ.

ಹಾಗಾಗಿ ಡಾಕ್ಟರನ್ನೋ ಥೆರಪಿಸ್ಟನ್ನೋ ಭೇಟಿಯಾದಾಗ ಎರಡನ್ನೂ ಬೇರೆ ಬೇರೆಯಾಗಿ ಕೇಳಿ, ಉತ್ತರವನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ.

ಹಂತ 2: ಪೆಟ್ಟಿನ ವಿವರ ಒಂದೇ ಹಾಳೆಯಲ್ಲಿ ಬರಲಿ

ತಲೆಗೆ ಪೆಟ್ಟಾಗಿದ್ದರೆ ಆಸ್ಪತ್ರೆಯ ಕಾಗದದಲ್ಲಿ ‘ಜಿಸಿಎಸ್’ ಎಂದು ಒಂದು ಅಂಕಿ ಇರುತ್ತದೆ. ಗ್ಲಾಸ್ಗೋ ಕೋಮಾ ಸ್ಕೇಲ್ ಎಂಬ ಈ ಅಳತೆ 1974ರಿಂದ ಬಳಕೆಯಲ್ಲಿದೆ. 3ರಿಂದ 15ರವರೆಗೆ ಅಂಕ. 13ರಿಂದ 15 ಇದ್ದರೆ ಹಗುರ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ.

ನಾನು ಅದಕ್ಕಿಂತ ಹೆಚ್ಚು ಗಮನ ಕೊಡುವುದು ಕಾಗದದಲ್ಲಿ ಎಷ್ಟೋ ಸಲ ಇಲ್ಲದೇ ಇರುವ ಇನ್ನೊಂದು ಮಾಹಿತಿಗೆ. ಪೆಟ್ಟಾದ ಮೇಲೆ ಎಚ್ಚರ ಬಂದು, ಮಾತಾಡುತ್ತಿದ್ದರೂ, ದಿನದ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲದ ಒಂದು ಅವಧಿ ಇರುತ್ತದೆ. ನಿನ್ನೆ ಯಾರು ಬಂದಿದ್ದರು, ಬೆಳಿಗ್ಗೆ ಏನಾಯಿತು, ಒಂದೂ ಗೊತ್ತಿರುವುದಿಲ್ಲ. ಆ ಅವಧಿ ಎಷ್ಟು ಉದ್ದವೋ ಮುಂದಿನ ದಾರಿ ಅಷ್ಟು ನಿಧಾನ. ಒಂದು ದಿನದೊಳಗೆ ಮುಗಿದಿದ್ದರೆ ಒಂದು ಲೆಕ್ಕ, ಒಂದು ವಾರ ದಾಟಿದ್ದರೆ ಬೇರೆ ಲೆಕ್ಕ. ಇದನ್ನು ಮನೆಯವರೇ ಹೇಳಬಲ್ಲರು. “ಯಾವ ದಿನದಿಂದ ಇವತ್ತಿನ ವಿಷಯ ನಾಳೆಗೂ ನೆನಪಿರಲು ಶುರುವಾಯಿತು?” ಎಂದು ನೆನಪು ಮಾಡಿಕೊಂಡು ತಾರೀಕು ಹಾಕಿಡಿ.

ಜೊತೆಗೆ ಸ್ಕ್ಯಾನ್‌ನಲ್ಲಿ ಮಿದುಳಿನ ಯಾವ ಭಾಗ ಎಂದು ಬರೆದಿದ್ದಾರೆ ನೋಡಿ. ಮುಂಭಾಗಕ್ಕೆ ಪೆಟ್ಟಾಗಿದ್ದರೆ ಕಲಿತದ್ದು ಗೊತ್ತಿದ್ದರೂ ಬೇಕಾದ ಹೊತ್ತಿಗೆ ಅದನ್ನು ತಾವಾಗಿ ಶುರು ಮಾಡುವುದು ಕಷ್ಟ. ಮಿದುಳಿನ ಬಲಭಾಗದಲ್ಲಿ ಆದ ಪಾರ್ಶ್ವವಾಯುವಿನಲ್ಲಿ ಎಡಗಡೆಯ ವಸ್ತುಗಳತ್ತ ಗಮನವೇ ಹೋಗದಿರುವುದು, ತೊಂದರೆ ಇರುವುದೇ ಅರಿವಿಗೆ ಬಾರದಿರುವುದು ಹೆಚ್ಚು.

ಸಮಯದ ವಿಷಯ ಚುಟುಕಾಗಿ ಹೇಳುತ್ತೇನೆ. ಪಾರ್ಶ್ವವಾಯುವಿನ ನಂತರ ತಾನಾಗಿ ಆಗುವ ಚೇತರಿಕೆಯ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲಿ ಆಗುತ್ತದೆ. ತಲೆಯ ಪೆಟ್ಟಿನಲ್ಲಿ ಮೊದಲ ಆರು ತಿಂಗಳು ವೇಗ ಜಾಸ್ತಿ, ಆಮೇಲೆ ನಿಧಾನವಾಗಿ ಮುಂದುವರಿಯುತ್ತದೆ. ಆ ಅವಧಿ ಕಳೆದವರಿಗೆ ಬಾಗಿಲು ಮುಚ್ಚಿತು ಎಂದೇನೂ ಇಲ್ಲ. ಡೈರಿ, ಅಲಾರಂ, ಕೆಲಸವನ್ನು ಸಣ್ಣ ತುಂಡು ಮಾಡಿಕೊಳ್ಳುವ ಉಪಾಯ, ಇವನ್ನು ವರ್ಷಗಳ ನಂತರವೂ ಕಲಿಸಬಹುದು.

ಹಂತ 3: ಸರಿ ಮಾಡಬಹುದಾದ್ದನ್ನು ಮೊದಲು ಸರಿ ಮಾಡಿ

ಹಿಂದಿನ ಹಂತದಲ್ಲಿ ಹೇಳಿದ್ದು ಯಾವುದನ್ನೂ ನಾವು ಬದಲಾಯಿಸಲು ಆಗದು. ಇಲ್ಲಿ ಹೇಳುವುದನ್ನೆಲ್ಲ ಬದಲಾಯಿಸಬಹುದು. ಆದರೂ ಜನ ಇದನ್ನು ಹಾರಿಸಿ ನೇರ ಮೆಮೊರಿ ಆಟಗಳಿಗೆ ಹೋಗುತ್ತಾರೆ.

ಮಾತ್ರೆಗಳ ಪೂರ್ತಿ ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಕೂರಿ. ನಿದ್ದೆಗೆ, ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳು ಹೊಸದನ್ನು ಕಲಿಯುವ ಶಕ್ತಿಯನ್ನೇ ಮಂಕು ಮಾಡುತ್ತವೆ. ಅಲರ್ಜಿಗೆ ಕೊಡುವ ಹಳೆಯ ಬಗೆಯ ಮಾತ್ರೆಗಳು, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಕೆಲವು ಮಾತ್ರೆಗಳೂ ವಯಸ್ಸಾದವರಲ್ಲಿ ಗೊಂದಲ ತರುತ್ತವೆ. ಫಿಟ್ಸ್‌ಗೆ ಕೊಡುವ ಟೋಪಿರಮೇಟ್ ತೆಗೆದುಕೊಳ್ಳುವ ಕೆಲವರಿಗೆ ಮಾತಿನ ಮಧ್ಯೆ ಪದವೇ ಸಿಗುವುದಿಲ್ಲ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆಯನ್ನಂತೂ ದಯವಿಟ್ಟು ಬೇಡ. ಬದಲಿ ಇದೆಯಾ, ಡೋಸ್ ಕಡಿಮೆ ಮಾಡಬಹುದಾ, ಹೊತ್ತು ಬದಲಿಸಬಹುದಾ ಎಂದು ಕೇಳಿ.

ರಾತ್ರಿ ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತ ಹಾಗಾಗಿ, ಬೆಚ್ಚಿ ಮತ್ತೆ ಉಸಿರೆಳೆದುಕೊಳ್ಳುತ್ತಾರಾ ಎಂದು ಪಕ್ಕದಲ್ಲಿ ಮಲಗುವವರನ್ನು ಕೇಳಿ. ಹೌದಾದರೆ ನಿದ್ದೆಯ ತಪಾಸಣೆ ಆಗಲೇಬೇಕು. ಥೈರಾಯ್ಡ್, ಬಿ12 ನೋಡಿಸಿ. ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದ ವಿಷಯ ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಮದ್ಯ ತೆಗೆದುಕೊಳ್ಳುವ ಅಭ್ಯಾಸ ಇದ್ದರೆ ಮುಚ್ಚಿಡದೆ ಹೇಳಿ.

ಮನಸ್ಸಿನ ಸ್ಥಿತಿ ಇನ್ನೂ ದೊಡ್ಡದು. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅವರು ಅಳುತ್ತಾ ಕೂರಬೇಕೆಂದಿಲ್ಲ. “ಬೇಡ ಬಿಡಿ”, “ನಾಳೆ ನೋಡೋಣ”, “ಏನು ಮಾಡಿ ಏನು” ಎನ್ನುವ ಮಾತಿನಲ್ಲೇ ಅದು ಅಡಗಿರುತ್ತದೆ. ಇದನ್ನು ಸೋಮಾರಿತನ ಎಂದು ಗದರಿಸಿದರೆ ಇನ್ನಷ್ಟು ಒಳಗೆ ಹೋಗುತ್ತಾರೆ. ಖಿನ್ನತೆಗೆ ಚಿಕಿತ್ಸೆ ಶುರುವಾಗಿ ಮನಸ್ಸು ಸ್ವಲ್ಪ ಎದ್ದ ಮೇಲೆ ಅದೇ ವ್ಯಕ್ತಿ, ಅದೇ ಅಭ್ಯಾಸ, ಬೇರೆಯೇ ಫಲ ಕೊಟ್ಟಿದ್ದನ್ನು ನೋಡಿದ್ದೇನೆ.

ಇನ್ನು ದಣಿವು. ಮಿದುಳಿಗೆ ಪೆಟ್ಟಾದವರ ದಣಿವು ಕೈಕಾಲಿನ ದಣಿವಿನಂತಲ್ಲ. ಇಪ್ಪತ್ತು ನಿಮಿಷ ಗಮನವಿಟ್ಟು ಕೂತರೆ ಬ್ಯಾಟರಿ ಮುಗಿದ ಹಾಗೆ ಕೈಚೆಲ್ಲುತ್ತಾರೆ. ಒಂದು ವಾರ, ಎರಡು ಗಂಟೆಗೊಮ್ಮೆ 10ಕ್ಕೆ ಎಷ್ಟು ಚುರುಕು ಎಂದು ಬರೆದಿಡಿ. ದಿನದ ಚುರುಕಾದ ಹೊತ್ತು ಯಾವುದೆಂದು ತಾನಾಗಿ ಗೊತ್ತಾಗುತ್ತದೆ. ಥೆರಪಿ ಆ ಹೊತ್ತಿಗೆ ಇರಲಿ.

ಹಂತ 4: ತೊಂದರೆ ಇದೆ ಎಂದು ಅವರಿಗೇ ಗೊತ್ತಿದೆಯಾ?

ನನ್ನನ್ನು ಒಂದೇ ಒಂದು ಅಂಶ ಆರಿಸಿಕೊಳ್ಳಿ ಎಂದರೆ ನಾನು ಆರಿಸುವುದು ಇದನ್ನು. ತನ್ನ ತೊಂದರೆ ತನಗೇ ಕಾಣದ ಸ್ಥಿತಿಗೆ ಫ್ರೆಂಚ್ ವೈದ್ಯ ಬಬಿನ್ಸ್ಕಿ 1914ರಲ್ಲಿ ಅನೊಸೊಗ್ನೋಸಿಯಾ ಎಂದು ಹೆಸರಿಟ್ಟರು. ಅದು ಹಟವೂ ಅಲ್ಲ, ಸುಳ್ಳೂ ಅಲ್ಲ. ಪೆಟ್ಟಾದ ಮಿದುಳೇ ತನ್ನ ಲೆಕ್ಕ ಇಡಬೇಕಾಗಿರುವುದರಿಂದ ಬರುವ ತೊಂದರೆ. ಮರೆವೇ ಇಲ್ಲ ಎಂದು ನಂಬಿದವರು ಡೈರಿ ಯಾಕೆ ಬರೆಯುತ್ತಾರೆ?

1989ರಲ್ಲಿ ಕ್ರಾಸನ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು ಈ ಅರಿವನ್ನು ಮೂರು ಮೆಟ್ಟಿಲಾಗಿ ವಿವರಿಸಿದರು. ಈಗಲೂ ನನಗೆ ದಿನನಿತ್ಯ ಬಳಕೆಗೆ ಬರುವ ವಿವರಣೆ ಅದು. ಕೆಳಗಿನ ಮೆಟ್ಟಿಲಲ್ಲಿ “ನನಗೆ ಮರೆವಿದೆ” ಎಂದು ಬಾಯಲ್ಲಿ ಹೇಳಬಲ್ಲರು. ಎರಡನೆಯದರಲ್ಲಿ, ಮರೆತ ಆ ಕ್ಷಣದಲ್ಲೇ “ಅಯ್ಯೋ, ಮರೆತೆ” ಎಂದು ಗುರುತಿಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ “ನಾಳೆ ಇದು ಮರೆತುಹೋಗುತ್ತೆ, ಈಗಲೇ ಬರೆದಿಡ್ತೀನಿ” ಎನ್ನುತ್ತಾರೆ. ನಿಮ್ಮವರು ಎಲ್ಲಿದ್ದಾರೆ ಎನ್ನುವುದರ ಮೇಲೆ ಯಾವ ಉಪಾಯ ನಡೆಯುತ್ತದೆ ಎನ್ನುವುದು ನಿಂತಿದೆ. ಮೇಲಿನ ಮೆಟ್ಟಿಲಿಗೆ ಬಂದವರು ತಾವಾಗಿ ಡೈರಿ ನೋಡಿಕೊಳ್ಳುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ಇರುವವರಿಗೆ, ಅಥವಾ ಅಲ್ಲಿಗೂ ಬಾರದವರಿಗೆ, ತಾನಾಗಿ ಹೊಡೆಯುವ ಅಲಾರಂ ಬೇಕು, ಇಲ್ಲವೇ ಸುತ್ತಲಿನ ಜಾಗವನ್ನೇ ಬದಲಿಸಬೇಕು.

ಇದನ್ನು ತಿಳಿಯಲು, ಮತ್ತು ಬೆಳೆಸಲು, ನಾನು ಮಾಡಿಸುವುದು ಹೀಗೆ. ಕೆಲಸಕ್ಕೆ ಮೊದಲು ಅವರೇ ಅಂದಾಜು ಹೇಳಬೇಕು. ಆಮೇಲೆ ಕೆಲಸ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಅವರೇ ನೋಡಬೇಕು. ಬೈಕ್ ಅಪಘಾತದಲ್ಲಿ ಪೆಟ್ಟಾಗಿದ್ದ ಒಬ್ಬ ಹುಡುಗನ ಮುಂದೆ 12 ವಸ್ತುಗಳ ಪಟ್ಟಿ ಇಟ್ಟೆ. “ಅರ್ಧ ಗಂಟೆ ಬಿಟ್ಟು ಎಷ್ಟು ಹೇಳ್ತೀಯ?” “ಹತ್ತು, ಆರಾಮಾಗಿ.” ನೆನಪಿದ್ದದ್ದು ಮೂರು. “ನಿನ್ನೆ ನಿದ್ದೆ ಸರಿಯಾಗಿರಲಿಲ್ಲ ಮೇಡಂ” ಅಂದ. ನಾನು ವಾದ ಮಾಡಲಿಲ್ಲ. ಹಾಳೆಯಲ್ಲಿ 10 ಎಂದು ಒಂದು ಕಡೆ, 3 ಎಂದು ಇನ್ನೊಂದು ಕಡೆ ಅವನ ಕೈಯಲ್ಲೇ ಬರೆಸಿದೆ. ಹೀಗೇ ವಾರಕ್ಕೆ ಮೂರು ಸಲ ನಡೆಯಿತು. ಮೂರನೇ ವಾರದ ಒಂದು ದಿನ ಪೆನ್ನು ಹಿಡಿದು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಾ ಕೂತ. ಅಂದಾಜಿನ ಜಾಗದಲ್ಲಿ 4 ಎಂದು ಬರೆದ. ಆಮೇಲೆ ಮೆಲ್ಲಗೆ, “ಬರ್ಕೊಂಡ್ರೆ ತಪ್ಪಾ?” ಎಂದು ಕೇಳಿದ. ನಮ್ಮ ಚಿಕಿತ್ಸೆ ನಿಜವಾಗಿ ಶುರುವಾದದ್ದು ಆ ಪ್ರಶ್ನೆಯಿಂದ.

ಒಂದು ಎಚ್ಚರಿಕೆ. ಅರಿವು ಬರುತ್ತಿದ್ದ ಹಾಗೆ ದುಃಖವೂ ಬರುತ್ತದೆ. ಕಳೆದುಕೊಂಡದ್ದು ಏನೆಂದು ಆಗ ಗೊತ್ತಾಗುತ್ತದಲ್ಲ. ಆ ವಾರಗಳಲ್ಲಿ ಮನೆಯವರು ಹತ್ತಿರ ಇರಬೇಕು. ಎಲ್ಲರ ಮುಂದೆ “ನೋಡು, ಮತ್ತೆ ಮರೆತೆ” ಎಂದು ತೋರಿಸಿಕೊಡುವುದನ್ನು ಪೂರ್ತಿ ನಿಲ್ಲಿಸಬೇಕು.

ಹಂತ 5: ಹೇಗೆ ಕಲಿಸಿದರೆ ಹಿಡಿಯುತ್ತಾರೆ, ಪರೀಕ್ಷಿಸಿ ನೋಡಿ

ಪರೀಕ್ಷೆಯ ಅಂಕ ಇವತ್ತು ಎಲ್ಲಿದ್ದಾರೆ ಎಂದು ಹೇಳುತ್ತದೆ. ಕಲಿಯಬಲ್ಲರಾ ಎಂದು ತಿಳಿಯಲು ಏನಾದರೂ ಕಲಿಸಿಯೇ ನೋಡಬೇಕು. ಅವರಿಗೆ ನಿಜವಾಗಿ ಬೇಕಾದ ಒಂದು ಸಣ್ಣ ಕೆಲಸ ಆರಿಸಿ. ಫೋನ್ ಅಲಾರಂ ಹೊಡೆದರೆ ಅದನ್ನು ನಿಲ್ಲಿಸಿ, ಮಾತ್ರೆ ಡಬ್ಬಿ ತೆಗೆದು, ಇವತ್ತಿನ ಖಾನೆ ನೋಡುವುದು, ಇಷ್ಟು ಸಾಕು. ಐದಾರು ದಿನ ದಿನಕ್ಕೆ ಎರಡು ಸಲ ಮಾಡಿಸಿ. ಎಷ್ಟು ಸುಳಿವು ಕೊಡಬೇಕಾಯಿತು ಎಂದು ಎಣಿಸಿ. ಮೊದಲ ದಿನ ಎಂಟು ಸುಳಿವು ಬೇಕಾಗಿ, ಆರನೇ ದಿನ ಮೂರಕ್ಕೆ ಇಳಿದಿದ್ದರೆ ಆ ವ್ಯಕ್ತಿ ಕಲಿಯುತ್ತಿದ್ದಾರೆ, ಮೊದಲ ಪರೀಕ್ಷೆಯ ಅಂಕ ಏನೇ ಇರಲಿ. ಮೇಲೆ ಹೇಳಿದೆನಲ್ಲ, 13 ಅಂಕದವರು, ಅವರೂ ಕಲಿತರು.

ಕಲಿಸುವಾಗ ಮನೆಯವರು ಮಾಡುವ ಒಂದು ತಪ್ಪು ಇದೆ, ಪ್ರೀತಿಯಿಂದಲೇ ಮಾಡುವ ತಪ್ಪು. “ಯೋಚನೆ ಮಾಡಿ, ನೆನಪು ಮಾಡ್ಕೊಳ್ಳಿ, ಇವರು ಯಾರು ಹೇಳಿ?” ಎಂದು ಪದೇ ಪದೇ ಕೇಳುವುದು. ನೆನಪು ತೀರಾ ಕೆಟ್ಟಿರುವವರು ಊಹೆ ಮಾಡಿ ತಪ್ಪು ಹೇಳುತ್ತಾರೆ. ತಪ್ಪು ಹೇಳಿದ್ದು ಅವರಿಗೆ ನೆನಪಿರುವುದಿಲ್ಲ, ಆದರೆ ಆ ತಪ್ಪು ಉತ್ತರ ಒಳಗೆ ಅಚ್ಚೊತ್ತಿ ಮುಂದಿನ ಸಲವೂ ಅದೇ ಬಾಯಿಗೆ ಬರುತ್ತದೆ. ತೀವ್ರ ಮರೆವು ಇರುವವರು ತಪ್ಪಿಗೆ ಅವಕಾಶವೇ ಕೊಡದೆ ಕಲಿಸಿದರೆ ಚೆನ್ನಾಗಿ ಕಲಿಯುತ್ತಾರೆ ಎಂದು ಬ್ಯಾಡ್‌ಲಿ ಮತ್ತು ವಿಲ್ಸನ್ ಎಂಬ ಸಂಶೋಧಕರು 1994ರಲ್ಲಿ ತೋರಿಸಿದರು. ಅಂದರೆ ಉತ್ತರವನ್ನು ಮೊದಲು ನೀವೇ ಹೇಳಿ, ಅವರಿಂದ ಹೇಳಿಸಿ, ಆಮೇಲೆ ನಿಮ್ಮ ಸಹಾಯವನ್ನು ಸ್ವಲ್ಪ ಸ್ವಲ್ಪ ಹಿಂದೆಗೆದುಕೊಳ್ಳಿ.

ಮರೆವು ಹಗುರವಾಗಿದ್ದರೆ ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಳ್ಳುವಂಥ ಉಪಾಯಗಳು ಕೆಲಸ ಮಾಡುತ್ತವೆ. ತೀವ್ರವಾಗಿದ್ದರೆ ಹೊರಗಿನ ನೆರವೇ ಗತಿ: ಅಲಾರಂ, ಕ್ಯಾಲೆಂಡರ್, ಬಾಗಿಲ ಮೇಲಿನ ಚೀಟಿ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 8ರಿಂದ 83 ವರ್ಷದವರೆಗಿನ 143 ಜನರಿಗೆ ದಿನದ ಕೆಲಸಗಳನ್ನು ಪೇಜರ್ (ಸಂದೇಶ ಬಂದಾಗ ಸದ್ದು ಮಾಡುವ ಪುಟ್ಟ ಯಂತ್ರ) ಮೂಲಕ ನೆನಪಿಸಿದರು. ಪ್ರಯೋಗ ಮುಗಿಸಿದವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಜನ ತಮ್ಮ ಕೆಲಸಗಳನ್ನು ಮೊದಲಿಗಿಂತ ಸ್ಪಷ್ಟವಾಗಿ ಚೆನ್ನಾಗಿ ಮಾಡಿದರು. ಮುಂದೆ ಪೇಜರ್ ತೆಗೆದುಕೊಂಡಾಗ ತಲೆಗೆ ಪೆಟ್ಟಾದವರಲ್ಲಿ ಲಾಭ ಬಹುಮಟ್ಟಿಗೆ ಉಳಿಯಿತು, ಪಾರ್ಶ್ವವಾಯು ಆದವರು ಹಿಂದಿನ ಸ್ಥಿತಿಗೆ ಮರಳಿದರು. ಆದ್ದರಿಂದ “ಈಗ ಸರಿಹೋಗಿದ್ದಾರಲ್ಲ” ಎಂದು ನೆರವನ್ನು ದಿಢೀರನೆ ಕಿತ್ತುಕೊಳ್ಳಬೇಡಿ.

ಹಂತ 6: ಗುರಿ ಅವರದೇ ಇರಲಿ, ಅಳೆಯುವಂತಿರಲಿ

“ನೆನಪಿನ ಶಕ್ತಿ ಹೆಚ್ಚಾಗಬೇಕು” ಎನ್ನುವುದು ಗುರಿಯಲ್ಲ, ಆಸೆ. “ಮೊಮ್ಮಗಳನ್ನು ಶಾಲೆಯಿಂದ ಒಬ್ಬನೇ ಹೋಗಿ ಕರೆದುಕೊಂಡು ಬರಬೇಕು” ಎನ್ನುವುದು ಗುರಿ. ಒಳಗಿನಿಂದ ಬಂದ ಉತ್ಸಾಹ ಇರುವವರು ಹೆಚ್ಚು ಸೆಷನ್‌ಗೆ ಬರುತ್ತಾರೆ, ಹೆಚ್ಚು ಕಲಿಯುತ್ತಾರೆ. ಆ ಉತ್ಸಾಹ ಅವರದೇ ಗುರಿಯಿಂದ ಬರಬೇಕು. ಮಗನೋ ಸೊಸೆಯೋ ಬರೆದುಕೊಟ್ಟ ಪಟ್ಟಿಯಿಂದ ಬರುವುದಿಲ್ಲ.

1968ರಿಂದ ಬಳಕೆಯಲ್ಲಿರುವ ಒಂದು ಸರಳ ಅಳತೆ ಇದೆ. ಅಂದುಕೊಂಡಷ್ಟು ಆದರೆ 0. ಅದಕ್ಕಿಂತ ಚೆನ್ನಾದರೆ +1, ಬಹಳ ಚೆನ್ನಾದರೆ +2. ಕಡಿಮೆಯಾದರೆ -1, -2. ಐದೂ ಹಂತದಲ್ಲಿ ಏನು ಕಾಣಬೇಕು ಎಂದು ಶುರುವಿನಲ್ಲೇ ಬರೆದಿಡಬೇಕು, ಆಮೇಲೆ ಬರೆದರೆ ಮನಸ್ಸು ಮೋಸ ಮಾಡುತ್ತದೆ.

ಹಂತ 7: ಮನೆಯಲ್ಲಿ ಒಬ್ಬರು ಹೊಣೆ ಹೊರಲಿ

ಥೆರಪಿಸ್ಟ್ ಹತ್ತಿರ ಕಳೆಯುವುದು ವಾರಕ್ಕೆ ಎರಡು ಮೂರು ಗಂಟೆ. ಉಳಿದದ್ದೆಲ್ಲ ಮನೆಯಲ್ಲಿ. ಕಲಿತದ್ದನ್ನು ಮನೆಯಲ್ಲಿ ಅದೇ ರೀತಿ, ಅದೇ ಮಾತಿನಲ್ಲಿ ನೆನಪಿಸುವ ಒಬ್ಬರು ಇದ್ದರೆ ಫಲದಲ್ಲಿ ಎದ್ದು ಕಾಣುವ ವ್ಯತ್ಯಾಸ ಆಗುತ್ತದೆ. ಐದು ಜನ ಐದು ಥರ ಹೇಳಿದರೆ ಗೊಂದಲವೇ ಹೆಚ್ಚು. ಆ ಒಬ್ಬರಿಗೆ ವಾರಕ್ಕೆ ಅರ್ಧ ದಿನವಾದರೂ ಬಿಡುವು ಸಿಗುವ ಏರ್ಪಾಟು ಉಳಿದವರು ಮಾಡಬೇಕು. ಆರೈಕೆ ಮಾಡುವವರು ಕುಸಿದರೆ ಚಿಕಿತ್ಸೆಯೂ ಅಲ್ಲಿಗೇ ನಿಲ್ಲುತ್ತದೆ.

ಹಂತ 8: ಚಿಕಿತ್ಸೆಯನ್ನೂ ಪರೀಕ್ಷಿಸಿ

ಫಲ ಬರಲಿಲ್ಲ ಎಂದರೆ ದೋಷ ರೋಗಿಯದೇ ಎಂದು ತಿಳಿಯುವುದು ಅನ್ಯಾಯ. ಆಗಲೇ ಹೇಳಿದ 2021ರ ವಿಶ್ಲೇಷಣೆಯಲ್ಲಿ ಫಲ ಹೆಚ್ಚಿಸಿದ ಅಂಶಗಳು ಇವು: ಪಕ್ಕದಲ್ಲಿ ಕೂತು ನಡೆಸುವ ತರಬೇತಾದ ಥೆರಪಿಸ್ಟ್, ಉಪಾಯಗಳನ್ನು ಕ್ರಮವಾಗಿ ಕಲಿಸುವುದು, ದಿನನಿತ್ಯದ ಬದುಕಿಗೆ ಮರಳಿಸುವ ಇತರ ತರಬೇತಿಗಳ ಜೊತೆ ಅದನ್ನು ಜೋಡಿಸುವುದು. ಕಂಪ್ಯೂಟರ್ ಮುಂದೆ ಕೂರಿಸಿ ಹೋಗುವುದು ಇದರಲ್ಲಿ ಯಾವುದೂ ಅಲ್ಲ.

ತರಬೇತಿ ಕೊಟ್ಟ ಕೌಶಲ ಮಾತ್ರ ಹೆಚ್ಚುತ್ತದೆ ಎನ್ನುವುದಕ್ಕೆ ಆ್ಯಕ್ಟಿವ್ ಎಂಬ ಅಮೆರಿಕದ ಅಧ್ಯಯನ ಒಳ್ಳೆಯ ಉದಾಹರಣೆ. 65 ದಾಟಿದ, ಆರೋಗ್ಯವಂತ 2,832 ಹಿರಿಯರಲ್ಲಿ ಕೆಲವರಿಗೆ ನೆನಪಿನ, ಕೆಲವರಿಗೆ ತರ್ಕದ, ಕೆಲವರಿಗೆ ವೇಗದ ತರಬೇತಿ ಕೊಟ್ಟರು. 2002ರ ಫಲಿತಾಂಶದಲ್ಲಿ ಪ್ರತಿ ಗುಂಪೂ ತಾನು ಕಲಿತದ್ದರಲ್ಲಿ ಮೇಲೆ ಬಂದಿತ್ತು, ಕಲಿಯದ್ದರಲ್ಲಿ ಬರಲಿಲ್ಲ. ಹಾಗಾಗಿ ಔಷಧಿ ಮರೆಯುವುದು ನಿಮ್ಮ ಸಮಸ್ಯೆಯಾದರೆ ಅಭ್ಯಾಸವೂ ಔಷಧಿಯ ಡಬ್ಬಿಯ ಜೊತೆಗೇ ಆಗಬೇಕು.

ಹಂತ 9: ಆರು ವಾರಕ್ಕೊಮ್ಮೆ ಕೂತು ನೋಡಿ

ಅದೇ ಪರೀಕ್ಷೆಯನ್ನು ಮತ್ತೆ ಕೊಟ್ಟರೆ ಅಭ್ಯಾಸಬಲದಿಂದಲೇ ಅಂಕ ಸ್ವಲ್ಪ ಏರುತ್ತದೆ. ಬೇರೆ ಪ್ರಶ್ನೆಗಳ ಆವೃತ್ತಿ ಬಳಸಿದ್ದಾರಾ ಎಂದು ಕೇಳಿ. ಇದರ ಉಲ್ಟಾ ಕೂಡ ಉಂಟು: ಅಂಕ ಏರದಿದ್ದರೂ ಬದುಕು ಸುಧಾರಿಸಿರಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಡಿಮೆನ್ಶಿಯಾದ (ಮರೆವಿನ ಕಾಯಿಲೆಯ) ಆರಂಭದ ಹಂತದಲ್ಲಿದ್ದ 475 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಥೆರಪಿ ಪಡೆದವರು ತಾವೇ ಆರಿಸಿಕೊಂಡ ದಿನನಿತ್ಯದ ಕೆಲಸಗಳಲ್ಲಿ ಮೂರು ತಿಂಗಳಿಗೂ ಒಂಬತ್ತು ತಿಂಗಳಿಗೂ ಮುಂದಿದ್ದರು. ನೆನಪಿನ ಪರೀಕ್ಷೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಗುರಿಯ ಹಾಳೆ ಇನ್ನೂ -1ರಲ್ಲೇ ಇದ್ದರೆ ಮೇಲಿನ ಹಂತಗಳಿಗೆ ಒಂದೊಂದಾಗಿ ಹಿಂದಿರುಗಿ. ಮೊದಲು ಮೂರನೆಯದು, ಹೊಸ ಮಾತ್ರೆ ಏನಾದರೂ ಸೇರಿದೆಯಾ, ನಿದ್ದೆ ಕೆಟ್ಟಿದೆಯಾ. ಆಮೇಲೆ ನಾಲ್ಕು ಮತ್ತು ಐದು. ಕೊನೆಗೆ ಗುರಿಯನ್ನೇ ಎರಡು ತುಂಡು ಮಾಡಿ. ಇಷ್ಟೆಲ್ಲ ಮಾಡಿ ಇನ್ನೊಂದು ಆರು ವಾರ ಕಳೆದರೂ ಅಲುಗಾಡದಿದ್ದರೆ ಆ ಗುರಿಯನ್ನು ಸದ್ಯಕ್ಕೆ ಬಿಟ್ಟು, ಮನೆಯ ಜಾಗವನ್ನು ಅವರಿಗೆ ಹೊಂದುವಂತೆ ಬದಲಿಸುವ ಕೆಲಸಕ್ಕೆ ಕೈಹಾಕಿ: ತಾನಾಗಿ ಆರುವ ಒಲೆ, ಒಂದೇ ಜಾಗದಲ್ಲಿ ಬೀಗದ ಕೈ, ಸ್ನಾನದ ಮನೆಯ ಬಾಗಿಲಿಗೆ ದೊಡ್ಡ ಚಿತ್ರ. ಹಾಳೆಯ ಕೆಳಗೆ ಮತ್ತೆ ಪ್ರಯತ್ನಿಸುವ ತಿಂಗಳು ಯಾವುದು ಎಂದು ಬರೆದು, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.